ಜಕ್ಕಪ್ಪ ಬಾಯಿಬಿಟ್ಟು ಎಣಿಸದ ಮೆಟ್ಟಿಲುಗಳು

2021ರ ಮೇ 23, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಜಕ್ಕಪ್ಪ ಹುನ್ನೂರ ಊರಾಚೆಯ ಹಳೆಯ ಮೆಟ್ಟಿಲುಬಾವಿಯಲ್ಲಿ ಒಣ ಎಲೆ ಗುಡಿಸುತ್ತಿದ್ದ. ವಯಸ್ಸು ಅರವತ್ತೊಂದು, ಕಸುಬು ಕುರಿ ಕಾಯುವುದು. ಬಾವಿ ಗುಡಿಸೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಿಂದೆಯೇ ಅವನ ಅಣ್ಣನ ಮಗಳು ಅನುರಾಧಾ ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದಳು. ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದ ಮೇಲೆ ಊರಿಗೆ ಬಂದು, ಸುತ್ತಲಿನ ಹಳೆಯ ಕಟ್ಟಡಗಳನ್ನು ವಾರಕ್ಕೊಂದರಂತೆ, ಮನೆಯಲ್ಲಿ ಕುಳಿತವರಿಗೆ ನೇರವಾಗಿ ತೋರಿಸತೊಡಗಿದ್ದಳು. ಅಂದು ನೋಡುತ್ತಿದ್ದವರು ನಲವತ್ತೊಂದು ಜನ. ಅವರಲ್ಲೊಬ್ಬರು ಮಧುಮತಿ, ಹಳೆಯ ಬಾವಿಗಳ ಹೂಳೆತ್ತಿಸುವ ಸಂಸ್ಥೆಯೊಂದರ ಎಂಜಿನಿಯರ್. ಆ ವರ್ಷ ಅವರು ಒಂದೇ ಬಾವಿಯನ್ನು ಆರಿಸಬೇಕಿತ್ತು.

"ಕಾಣೂವು ನಲವತ್ಮೂರು ಮೆಟ್ಲ. ಮುಂದ ಬರೇ ಹೂಳು," ಎಂದಳು ಅನುರಾಧಾ.

"ಹೂಳಿನ ಕೆಳಗ ಎಷ್ಟ ಅದಾವ್ರಿ?" ಮೊಬೈಲಿನಿಂದಲೇ ಮಧುಮತಿ ಕೇಳಿದರು. "ಆಳಾನ ಗೊತ್ತಿಲ್ಲಂದ್ರ ಈ ಬಾವಿ ಬಿಡಬೇಕಾಗ್ತದ."

"ನಮ್ಮ ಕಾಕಾಗ ಗೊತ್ತೈತ್ರಿ. ಎಪ್ಪತ್ತೆರಡರ ಬರದಾಗ ತಳಾ ಕಂಡಿತ್ತಂತ. ಹನ್ನೆರಡು ವರ್ಷದವರಿದ್ರು, ಪೂರಾ ಇಳದಿದ್ರು."

ಜಕ್ಕಪ್ಪ ಕಸಬರಿಗೆ ನಿಲ್ಲಿಸಿದ. "ಗೊತ್ತೈತಿ. ಹೇಳೂದಿಲ್ಲ."

"ಯಾಕ ಕಾಕಾ?"

"ಕುರಿ ಎಣಿಸಿ ಬಾಯಿಬಿಟ್ಟ ಹೇಳತೀವೇನ? ಹೇಳಿದ್ರ ಕಡಿಮಿ ಆಗ್ತಾವ."

"ಇವು ಕುರಿ ಅಲ್ಲ, ಕಲ್ಲು."

"ಕಲ್ಲೂ ಕಡಿಮಿ ಆದ್ವು. ಅವತ್ತ ಓಡಿಹೋಗಿ ಎಷ್ಟ ಅದಾವಂತ ಅವ್ವಗ ಹೇಳಿದೆ. ಮುಂದಿನ ಮಳಿಗಾಲಕ್ಕ ಹಳ್ಳ ಒಡದು ಮಣ್ಣ ಬಂದು ತುಂಬಿತು. ನೀ ಬಿಎಸ್ಸಿ ಕಲತಾಕಿ. ಯಾಕ ತುಂಬಿತು, ಹೇಳು."

ಹಳ್ಳದ ದಂಡೆ ಸವೆದ ಕಾರಣವನ್ನು ಅವಳು ಹೇಳಬಹುದಿತ್ತು. ಆದರೆ ಐವತ್ತು ವರ್ಷಗಳಿಂದ ಕಾಕಾ ಈ ಬಾವಿಯನ್ನು ಒಬ್ಬನೇ ಏಕೆ ಗುಡಿಸುತ್ತ ಬಂದ ಎಂಬುದು ಆಗಷ್ಟೇ ಅವಳಿಗೆ ಹೊಳೆದಿತ್ತು. ಬೇರೆ ದಾರಿ ಹಿಡಿದಳು.

"ಮತ್ತ ಕುರಿ ಲೆಕ್ಕ ಹ್ಯಾಂಗ ಇಡತಿ?"

"ಹರಳ ಇಟ್ಟು."

"ಹಂಗಾದ್ರ ಹರಳ ಇಡು. ಬಾಯಿ ಬಿಡಬ್ಯಾಡ."

ಜಕ್ಕಪ್ಪ ಕಸಬರಿಗೆ ಬದಿಗಿಟ್ಟ. ಆಮೇಲೆ ಮೊಬೈಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹುದುಗಿದ ಮೆಟ್ಟಿಲಿಗೊಂದರಂತೆ ಸಣ್ಣ ಕಲ್ಲಿನ ಹರಳು ಇಡತೊಡಗಿದ. ನಡುವೆ ಒಮ್ಮೆ ಕಣ್ಣು ಮುಚ್ಚಿ, ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿಕೊಂಡ. ರಬಕವಿಯಿಂದ ನೋಡುತ್ತಿದ್ದ ಕಲ್ಮೇಶ, "ಕಾಕಾರ, ನಿದ್ದಿ ಹತ್ತೀತು," ಎಂದ. ಜಕ್ಕಪ್ಪ ಕಣ್ಣು ತೆರೆಯದೆಯೇ ಇನ್ನೊಂದು ಹರಳಿಟ್ಟ.

"ಹರಳ ಎಣಿಸಿ ಬರಕೊಂಡೆನ್ರಿ," ಎಂದರು ಮಧುಮತಿ ಕೊನೆಗೆ. "ನಾನೂ ಬಾಯಿ ಬಿಡೂದಿಲ್ಲ."

2022ರ ಏಪ್ರಿಲ್‌ನಲ್ಲಿ ಹೂಳು ತೆಗೆದರು. ತಳದ ಕಲ್ಲು ಕಂಡ ದಿನ ಜಕ್ಕಪ್ಪ ಬರಿಗಾಲಿನಲ್ಲಿ ಪೂರ್ತಿ ಇಳಿದು, ಮೆಟ್ಟಿಲಿಗೊಂದು ಹರಳು ಆರಿಸಿಕೊಳ್ಳುತ್ತ ಹತ್ತಿ ಬಂದ. ಮೇಲೆ ಕುಳಿತಿದ್ದ ಎಂಬತ್ಮೂರರ ತಾಯಿ ಮಾಯವ್ವನ ಉಡಿಗೆ ಅಷ್ಟನ್ನೂ ಸುರಿದ. ಆಕೆ ಬೆರಳಿನಿಂದ ಒಂದೊಂದೇ ಸರಿಸಿ ನೋಡಿದಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು.

"ಬಾಯಿಬಿಟ್ಟ ಹೇಳಬ್ಯಾಡ ಅಂದಾಕಿ ನಾನ. ಈಗ ನಾನ ಹೇಳತೇನಿ, ಒಂದೂ ಕಡಿಮಿ ಆಗಿಲ್ಲ. ಅವತ್ತ ಇಂವ ಕುರಿ ಬಿಟ್ಟ ಓಡಿ ಬಂದು ಅಂದಿದ್ದ: 'ಅವ್ವಾ, ಅರವತ್ತೆರಡು.'"