ಪಟ್ಟಿಯಲ್ಲಿದ್ದ ಕಟ್ಟೆ

ಎಂ.ಎ. ಓದುವಾಗ ಮದ್ದೂರು ತಾಲ್ಲೂಕಿನ ಸಣ್ಣ ಕಟ್ಟೆಗಳ ಮೇಲೆ ಪ್ರಬಂಧ ಬರೆಯಲು ಹೊರಟೆ. ಸರ್ಕಾರದ ವೆಬ್‌ಸೈಟಿನಲ್ಲಿ ಹೂಳೆತ್ತಿದ ಕಟ್ಟೆಗಳ ಪಟ್ಟಿ ಸಿಕ್ಕಿತು: ಊರು, ಸರ್ವೆ ನಂಬರು, ಕೊನೆಗೆ ‘ಕಾಮಗಾರಿ ಪೂರ್ಣ’. ಎಲ್ಲ ಸಾಲಿನಲ್ಲೂ ಅದೇ ಮಾತು ಕಂಡು ನನಗೆ ಅನುಮಾನ ಬಂತು.

ಕೊಪ್ಪದಲ್ಲಿ ಬಸ್ಸಿಳಿದು ಹತ್ತಿರದ ಒಂದು ಊರಿಗೆ ನಡೆದೆ. ಮೊಬೈಲಿನ ನಕ್ಷೆಯಲ್ಲಿ ಪಟ್ಟಿಯಲ್ಲಿದ್ದ ನಲವತ್ತೊಂದನೇ ಸರ್ವೆ ನಂಬರು ಹುಡುಕಿ ನಿಂತರೆ, ಎದುರಿಗೆ ಕಟ್ಟೆಯಿಲ್ಲ, ಆಳೆತ್ತರದ ಕಬ್ಬು. ಫೋಟೊ ತೆಗೆಯುತ್ತಿದ್ದಾಗ ಗದ್ದೆಯ ಯಜಮಾನರು ಬಂದರು.

“ಯಾರ್ ಕಳ್ಸವ್ರೆ ನಿನ್ನ?”

“ಯಾರೂ ಇಲ್ಲ. ಓದೋಕೆ ಬೇಕಿತ್ತು.”

“ಓದೋಕೆ ನನ್ ಗದ್ದೆ ಯಾಕವ್ವ? ಯಾವೂರು, ಯಾರ್ ಮಗಳು?”

ಮಳವಳ್ಳಿ ಎಂದು ಹೇಳಿ, ಅಪ್ಪನ ಹೆಸರನ್ನೂ ಹೇಳಿ ಬಂದೆ. ಕಟ್ಟೆಯನ್ನು ಈ ಮನುಷ್ಯ ನುಂಗಿದ್ದಾನೆ, ತಾಲ್ಲೂಕು ಕಚೇರಿಯವರು ಸುಳ್ಳು ಬರೆದಿದ್ದಾರೆ ಎಂದು ಆಗಲೇ ತೀರ್ಮಾನಿಸಿದ್ದೆ. ಅದನ್ನೇ ಒಂದು ಅಧ್ಯಾಯವಾಗಿ ಬರೆದೂ ಬಿಟ್ಟೆ. ಕಡತದ ನಕಲು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅದರಲ್ಲಿ ಅಪ್ಪನ ಫೋನ್ ನಂಬರು ಕೊಟ್ಟಿದ್ದೆ.

ವಾರದೊಳಗೆ ಅಪ್ಪ ಕರೆದು ಕೇಳಿದರು: “ನಿನ್ ಮಗಳು ನಮ್ ತಂಟೆಗೆ ಬರೋದ್ ಬ್ಯಾಡ ಅಂತ ಯಾರೋ ಫೋನ್ ಮಾಡಿದ್ರು. ಏನವ್ವ ಮಾಡ್ಕೊಂಡಿದ್ದೀಯ?”

ನಂಬರು ಕಚೇರಿಯಿಂದಲೇ ಹೋಗಿರಬೇಕು! ಮರುದಿನ ಅರ್ಜಿ ತೆಗೆದುಕೊಂಡಿದ್ದ ಗುಮಾಸ್ತರ ಮೇಜಿನ ಮುಂದೆ ನಿಂತು, “ಅಪ್ಪನ ನಂಬರು ಯಾರಿಗೆ ಕೊಟ್ರಿ?” ಎಂದೆ. ಸುತ್ತಲಿನವರು ತಿರುಗಿ ನೋಡಿದರು. ಗುಮಾಸ್ತರ ಮುಖ ಕಪ್ಪಾಯಿತು. ಎದ್ದು ಹೋಗಿ, ಅಂಚು ಹರಿದ ಎರಡು ನಕ್ಷೆ ತಂದು ಹಾಸಿದರು.

“ನೀನು ನೋಡಿರೋದು ಊರಿನ ನಲವತ್ತೊಂದು. ಪಟ್ಟೀಲಿರೋದು ಪಕ್ಕದಲ್ಲಿ ಅದೇ ಹೆಸರಿರೋ ಬೇಚರಾಕ್ ಗ್ರಾಮದ್ದು. ಅಲ್ಲೀಗ ಒಂದು ಮನೇನೂ ಇಲ್ಲ, ಆದ್ರೆ ದಾಖಲೇಲಿ ಅದು ಬೇರೆ ಊರು, ಬೇರೆ ನಂಬರು. ಓಗಿ ನೋಡ್ಕಂಡು ಬಾರಮ್ಮ. ಆಮೇಲೆ ನನ್ನ ಬಯ್ಯುವಂತೆ.”

ಅವರ ಮಾತನ್ನೂ ಪೂರಾ ನಂಬದೆ ಮತ್ತೆ ಹೋದೆ. ಕಬ್ಬಿನ ಗದ್ದೆ ದಾಟಿ ಕಾಲು ಮೈಲಿ ನಡೆದರೆ ಕಟ್ಟೆ ಇತ್ತು. ತುಂಬ ನೀರು, ಏರಿಯ ಮೇಲೆ ಹೊಸ ಮಣ್ಣು. ಹಿಂದೆಯೇ ಬಂದಿದ್ದ ಯಜಮಾನರು ಕೇಳದೆಯೇ ಹೇಳಿದರು: “ನಿಮ್ಮಪ್ಪಂಗೆ ಫೋನ್ ಮಾಡ್ದೋನು ನಾನೇ. ಮಳವಳ್ಳೀಲಿ ನಮ್ ಬೀಗರವ್ರೆ, ನಂಬರ್ ಇಸ್ಕಂಡೆ. ಗದ್ದೆ ಅಳ್ಯಕ್ಕೆ ಬಂದೋಳು ಅನ್ಕಂಡಿದ್ದೆ ಕಣವ್ವ.”

“ಹೂಳು ತೆಗೆದದ್ದು ನಿಜವಾ?”

“ದಿಟ. ಆ ಮಣ್ಣ ನನ್ ಗದ್ದೇಗೂ ಒಡ್ಸ್ಕಂಡಿವ್ನಿ.”

ಆ ಅಧ್ಯಾಯವನ್ನು ಹರಿದು ಹಾಕಿದೆ. ಗುಮಾಸ್ತರಿಗೆ ತಪ್ಪಾಯಿತು ಎಂದು ಹೇಳಲು ಹೋದಾಗ ಅವರು ತಲೆಯೆತ್ತದೆ, “ನನ್ನ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ” ಎಂದರು. ಹೆದರಿಕೆಯೋ ಬೇಸರವೋ ನನಗೆ ತಿಳಿಯಲಿಲ್ಲ.