ರೊಟ್ಟಿ ಡಬ್ಬಿಯೊಳಗಿನ ಮಡಿ ಸೀರೆ

ಆಷಾಢದ ವಾರಿಗೆಂದು, ವಿಠೋಬನ ಪಾದಯಾತ್ರೆಗೆಂದು, ಅಕ್ಕಲಕೋಟದಿಂದ ಪಂಢರಪುರಕ್ಕೆ ಭಜನೆ ಮಾಡುತ್ತ ನಡೆದುಹೋಗುವ ದಿಂಡಿಯ ತಂಡದಲ್ಲಿ ನಾನು ಮೊದಲ ಸಲ ಹೊರಟದ್ದು ಎಪ್ಪತ್ತರ ದಶಕದಲ್ಲಿ, ಮದುವೆಯಾದ ಮರುವರ್ಷ. ಅತ್ತೆಯವರಿಗೆ ಅದು ಹನ್ನೆರಡನೆಯ ವಾರಿ. ನನ್ನ ಗಂಡ ಸಣ್ಣವರಿದ್ದಾಗ ವಿಷಮಜ್ವರದಿಂದ ಉಳಿದದ್ದಕ್ಕೆ ಹನ್ನೆರಡು ಸಲ ನಡೆದು ಬರುತ್ತೇನೆಂದು ವಿಠೋಬನಿಗೆ ಮಾತು ಕೊಟ್ಟಿದ್ದರು. ಇದೊಂದು ಮುಗಿದರೆ ಹರಕೆ ತೀರಿದಂತೆ.

ಗಂಟು ಕಟ್ಟಿದ್ದು ನಾನೇ. ತಗಡಿನ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಅರಿವೆಯ ಚೀಲದಲ್ಲಿ ಸೀರೆಗಳು; ಮಡಿ ಸೀರೆಯನ್ನು ಮಾತ್ರ ಅತ್ತೆಯವರೇ ಕೋಲಿನಿಂದ ಅದರೊಳಗೆ ಇಳಿಬಿಟ್ಟಿದ್ದರು. ರೊಟ್ಟಿಗೆ ಹಸಿ ತಾಗಿ ಬೂಸ್ಟು ಹಿಡಿದೀತೆಂಬುದೊಂದೇ ನನ್ನ ಚಿಂತೆ. ಅತ್ತೆಯವರ ಮಡಿ ಸೀರೆ ತೊಯ್ದರೆ ಏನು ಗತಿ ಎಂಬುದು ಹೊಳೆಯಲೇ ಇಲ್ಲ. ತಾವೇ ಒಗೆದು ಒಣಗಿಸಿದ, ಯಾರೂ ಮುಟ್ಟದ ಸೀರೆ ಉಟ್ಟ ಹೊರತು ಅವರು ತುತ್ತು ಎತ್ತುವವರಲ್ಲ.

ಊರು ದಾಟಿ ಹರದಾರಿಯೂ ಆಗಿರಲಿಲ್ಲ, ಮಳೆ ಬಂತು. ಬಂತು ಅನ್ನುವುದಕ್ಕಿಂತ ನಡೆದು ಬಂತು. ಮರವಿಲ್ಲದ ಬಯಲಿನಲ್ಲಿ ಆಕಾಶದಿಂದ ನೆಲದ ತನಕ ಬೂದಿ ಬಣ್ಣದ ಪರದೆಯೊಂದು ನಮ್ಮ ಕಡೆಗೇ ಸರಿಯುತ್ತಿತ್ತು. ತಾಳ ಹಿಡಿದವರ ಕೈಗಳೂ ಒಂದು ಗಳಿಗೆ ನಿಂತವು. ಅಷ್ಟು ದೊಡ್ಡದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಗೋಣಿಚೀಲದ ಕೊಪ್ಪೆ ಹೊದ್ದು, ಎರೆಮಣ್ಣು ಮೆತ್ತಿ ಕಲ್ಲಿನಂತಾದ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಕಾಲಿಗೆ ಮುಳ್ಳು ಚುಚ್ಚಲಿಲ್ಲ, ಅದೇ ಪುಣ್ಯ.

ರಾತ್ರಿ ತಂಗಲು ವಳಸಂಗದ ಗುಡಿಯಲ್ಲಿ ಇಳಿದಾಗ ಚೀಲದೊಳಗಿನ ಸೀರೆ ಹಿಂಡುವಂತಿತ್ತು. ಅತ್ತೆಯವರು ನೀರು ಕುಡಿದು ಕೂತರು. ದಿಂಡಿಯ ಹಿರಿಯರು ಬಂದು, ನಾಳೆಯೂ ಉಣ್ಣದಿದ್ದರೆ ಸೊಲ್ಲಾಪುರದಲ್ಲಿ ಎಸ್‌ಟಿ ಬಸ್ಸು ಹತ್ತಿಸಿ ಮನೆಗೆ ಕಳಿಸುತ್ತೇವೆ, ದಾರಿಯಲ್ಲಿ ಬಿದ್ದರೆ ಯಾರು ಹೊರಬೇಕು ಎಂದರು. ತಪ್ಪು ನನ್ನದು, ಮುರಿಯುವುದು ಅವರ ಹರಕೆ.

ಅತ್ತೆಯವರು ಸೀರೆಯನ್ನು ಕೋಲಿನಿಂದಲೇ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ಬೆಳಗಿಗೆ ಒಣಗಿತು, ಹೊಗೆಯ ವಾಸನೆ ಹೊತ್ತು. ಅವರು ಉಣ್ಣುವುದು ಮಧ್ಯಾಹ್ನ ಮಿಂದು ಮಡಿಯುಟ್ಟ ಮೇಲೆಯೇ, ಅಲ್ಲಿಯ ತನಕ ಅದು ತೊಯ್ಯಬಾರದು; ಹೊರಗೆ ಮಳೆ ಹಾಗೇ ಇತ್ತು. ನಾನು ರೊಟ್ಟಿಯನ್ನೆಲ್ಲ ಹೊರತೆಗೆದು ದಿಂಡಿಗೆ ಹಂಚಿದೆ. ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಒಲೆಗೆ ಹಿಡಿದು ಒಣಗಿಸಿ ಅತ್ತೆಯವರ ಮುಂದಿಟ್ಟೆ. ಅವರು ಸೀರೆ ಮಡಚಿ ಒಳಗಿಟ್ಟರು.

“ಸೊಸಿ ಸೀರೀನ ಬುತ್ತಿ ಕಟ್ಯಾಳ ನೋಡ್ರಿ,” ಎಂದಳು ಜೊತೆಯವಳೊಬ್ಬಳು, ನನ್ನ ರೊಟ್ಟಿಯನ್ನೇ ಮುರಿಯುತ್ತ.

ಡಬ್ಬಿ ತಲೆಯ ಮೇಲೆ ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ಸೊಲ್ಲಾಪುರದ ಗಿರಣಿಗಳ ಚಿಮಣಿ ಮಳೆಯಲ್ಲಿ ಮಸುಕಾಗಿ ಕಂಡಿತು. ಆಗಲೇ ನನಗೆ ನಡುಕ ಹತ್ತಿತು. ಹಲ್ಲು ಕಟಕಟ ಎನ್ನುತ್ತಿತ್ತು. ರಸ್ತೆ ಪಕ್ಕದ ತಗಡಿನ ಚಪ್ಪರದಡಿ ಕೂತುಬಿಟ್ಟೆ. ಸೀರೆ ಒಣಗಿಯೇ ಇತ್ತು. ಅತ್ತೆಯವರು ಡಬ್ಬಿ ತೆರೆದು ಅದನ್ನು ನನ್ನ ಮಡಿಲಿಗೆ ಹಾಕಿದರು.

“ಉಟ್ಕೋ.”

“ನೀವು ಉಣ್ಣಬೇಕಲ್ರಿ ಅತ್ತಿ.”

“ಉಣ್ತೀನಿ. ನಿನ್ನಿಯಿಂದ ಆ ಪಾಂಡುರಂಗ ತಾನ ನನ್ನ ತಲಿ ಮ್ಯಾಲೆ ನೀರು ಹಾಕಾಕತ್ತಾನ. ಅವಾ ಮಾಡಿಸಿದ ಸ್ನಾನದಾಗ ಮೈಲಿಗಿ ಎಲ್ಲೈತಿ?”

ನಾಲ್ಕು ಹೆಂಗಸರು ಗೋಣಿಚೀಲ ಅಡ್ಡ ಹಿಡಿದರು. ನಾನು ಎಂದೂ ಮುಟ್ಟದಿದ್ದ ಆ ಸೀರೆ ಉಟ್ಟುಕೊಂಡೆ. ಹೊಗೆಯ ಜೊತೆಗೆ ರೊಟ್ಟಿಯ ವಾಸನೆಯೂ ಇತ್ತು ಅದಕ್ಕೆ. ಬೆಳಿಗ್ಗೆ ರೊಟ್ಟಿ ಮುರಿದಿದ್ದವಳು ಸೆರಗಿನಿಂದ ಉಳಿದ ಅರ್ಧ ತೆಗೆದು ಅತ್ತೆಯವರಿಗೆ ಕೊಟ್ಟಳು, ತೊಯ್ದು ಮೆತ್ತಗಾಗಿತ್ತು. ಅತ್ತೆಯವರು ಮಳೆಯತ್ತ ತಿರುಗಿ ಕೈಮುಗಿದರು. ಆಮೇಲೆ ಉಂಡರು.

ಹಿರಿಯರು ಬಸ್ಸಿನ ಮಾತೆತ್ತಲು ಬಂದವರು ಅತ್ತೆಯವರ ಬಾಯಾಡುವುದನ್ನು ಕಂಡು ನಿಂತರು. ಅವರು ಉಟ್ಟಿದ್ದ ಒದ್ದೆ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಏನ್ ನೋಡ್ತೀರಿ? ತಾಳ ಹಿಡೀರಿ,” ಎಂದರು ಅತ್ತೆಯವರು.