ಪೂ ಗ್ವೇಜನ್ ಅಂಗಡಿಯ ನ್ಯಾಯದ ಚಹಾ

ನಾನ್‌ಜಿಂಗ್‌ನಲ್ಲಿ ರಾಷ್ಟ್ರವಾದಿ ನಾಯಕರು ದೇಶ ಒಂದಾಯಿತೆಂದು ಸಾರಿದ ಮೇಲೂ ನಮ್ಮ ಸಿಚುವಾನ್‌ನಲ್ಲಿ ನದಿಯ ಆ ದಡಕ್ಕೊಬ್ಬ, ಈ ದಡಕ್ಕೊಬ್ಬ ಸೇನಾಪತಿ ಇದ್ದರು. ಇಬ್ಬರಿಗೂ ಹೊರೆ ಹೊರಲು ಆಳು ಬೇಕು. ದಾರಿಯಲ್ಲಿ ಸಿಕ್ಕವನ ಸೊಂಟಕ್ಕೆ ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದರು. ಹೋದವರಲ್ಲಿ ಬಹಳ ಮಂದಿ ಮರಳಲಿಲ್ಲ.

ದೋಣಿಗಟ್ಟೆಯ ಮೇಲೆ ಚಹಾದಂಗಡಿ ಇಟ್ಟಿದ್ದ ಪೂ ಗ್ವೇಜನ್ ಗಟ್ಟಿ ದನಿಯ ಹೆಂಗಸು. ಊರಿನ ಜಗಳಗಳೆಲ್ಲ ಅವಳ ಮೇಜುಗಳಲ್ಲೇ ಮುಗಿಯುತ್ತಿದ್ದವು. ಎರಡೂ ಕಡೆಯವರು ಕೂತು ಎಲ್ಲರೆದುರು ತಮ್ಮ ಮಾತು ಹೇಳಬೇಕು, ಹಿರಿಯರು ತೀರ್ಪು ಕೊಡಬೇಕು. ಸೋತವನು ಅಲ್ಲಿದ್ದವರೆಲ್ಲರ ಚಹಾದ ದುಡ್ಡು ತೆರಬೇಕು. ಇಬ್ಬರದೂ ತಪ್ಪಾದರೆ ಅರ್ಧ ಅರ್ಧ.

ಒಂದು ಸಂತೆಯ ದಿನ ಸೈನಿಕರು ಅಂಗಡಿಗೇ ಬಂದು ಅವಳ ಗಂಡ ಯೂಲಿನ್‌ನನ್ನೇ ಹಿಡಿದರು. ನಾನು ಅಲ್ಲೇ ಕಲ್ಲಂಗಡಿ ಬೀಜ ಒಡೆಯುತ್ತ ಕೂತಿದ್ದೆ. ಗ್ವೇಜನ್ ಅಳಲಿಲ್ಲ. ಅವರ ಕ್ಯಾಪ್ಟನ್ ಲುವೊ ಪಕ್ಕದ ಹಳ್ಳಿಯವನು. ಅವನ ಮುಂದೆ ಒಂದು ಬಟ್ಟಲು ಚಹಾ ಇಟ್ಟಳು.

"ಏನಕ್ಕಾ, ಲಂಚಾನಾ?"

"ಲಂಚ ಕೊಡೋವಂಥ ಮುಖಾನಾ ನಿಂದು? ನನಗೂ ನಿನಗೂ ಜಗಳ ಐತೆ. ಕೂತ್ಕೋ, ನ್ಯಾಯ ಆಗ್ಲಿ."

"ನನ್ನತ್ರ ಬಂದೂಕ ಐತೆ."

"ಕಾಣಿಸ್ತೈತೆ. ಗೋಡೆಗೆ ಒರಗ್ಸು, ಮೇಜು ಗೀರ್‍ತದೆ."

ಸಂತೆಯ ಜನ ನಕ್ಕರು. ಅವರಲ್ಲಿ ಲುವೊನ ಸೋದರಮಾವನೂ ಇದ್ದ. ನ್ಯಾಯಕ್ಕೆ ಕರೆದಾಗ ಎದ್ದು ಹೋದವನ ಮನೆಯವರ ಜೊತೆ ಮುಂದೆ ಯಾರೂ ಕೂರುವುದಿಲ್ಲ. ಲುವೊ ಕೂತ, ಚಹಾ ಕುಡಿದ.

"ಆಳಿಲ್ಲ ಅಂದ್ರೆ ಮೇಲಿನವರು ನನ್ನ ತಲೆ ತೆಗೀತಾರೆ," ಎಂದ.

"ಇವನು ಹೋದ್ರೆ ನನ್ನ ಮನೇನೇ ಹೋಯ್ತು," ಎಂದಳು ಅವಳು.

ಹಿರಿಯರಾದ ಶು ತಾತ ಗಡ್ಡ ಸವರಿದರು. ತೀರ್ಪು ಯಾರ ಕಡೆಗೆಂದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಹೆದರಿಕೆ ಹುಟ್ಟಿದ್ದು ಆಗಲೇ. ಊರೆದುರು ಸೋತ ಬಂದೂಕಿನವನು ನಾಳೆ ಸುಮ್ಮನಿರುತ್ತಾನೆಯೇ? ತಾತ ಬಾಯಿ ತೆರೆಯುವ ಮುನ್ನವೇ ಅವಳು ಕೈ ಎತ್ತಿದಳು.

"ತಾತ, ನಂದೂ ಅರ್ಧ ತಪ್ಪು. ಇವನಿಗೂ ಮೇಲಿನವರ ಕಾಟ ಐತೆ, ನಾನು ಅದನ್ನ ನೋಡ್ಲಿಲ್ಲ. ಯೂಲಿನ್ ಮುಂದಿನ ದೋಣಿಗಟ್ಟೆ ತನಕ ಹೊರ್‍ಲಿ. ಅಲ್ಲಿಂದ ಮನೆಗೆ ಕಳಿಸ್ಲಿ."

"ಕಳಿಸ್ತೀಯೇನೋ?" ಸೋದರಮಾವ ಗದರಿದ.

"ಎಲ್ಲರೆದುರು ಚಹಾ ಕುಡಿದಿದ್ದೀನಲ್ಲ ಮಾವ," ಎಂದು ಲುವೊ ತನ್ನ ಪಾಲಿನ ಅರ್ಧ ದುಡ್ಡು ಇಟ್ಟು, ಯೂಲಿನ್‌ನ ಹಗ್ಗ ಬಿಚ್ಚಿಸಿದ. ಯೂಲಿನ್ ಹೊರೆ ಹೊತ್ತು ಅವರ ಜೊತೆ ಹೊರಟ.

ಮರುದಿನವೆಲ್ಲ ಅವಳ ಕಣ್ಣು ನದಿದಾರಿಯ ಮೇಲೇ. ಯಾರೋ ಕೇಳಿದ ಚಹಾವನ್ನು ಇನ್ನಾರಿಗೋ ಕೊಟ್ಟಳು. ಇಳಿಹೊತ್ತಿಗೆ ಯೂಲಿನ್ ಹೆಗಲು ಉಜ್ಜಿಕೊಳ್ಳುತ್ತ ಬಂದ. ಹಿಂದೆ ಬೇರೆ ಹಳ್ಳಿಯ ಇಬ್ಬರು ನಿಂತಿದ್ದರು.

"ಇಷ್ಟು ಹೊತ್ತಾ? ಅಲ್ಲೇ ಸಂಸಾರ ಹೂಡಿದ್ಯಾ?" ಎಂದು ಬೈದಳು. ಬೈಯುತ್ತಲೇ ಅವನ ಹೆಗಲು ಮುಟ್ಟಿ ನೋಡಿದಳು. "ಇವರ್‍ಯಾರು?"

"ನನ್ನ ಜೊತೆ ಹೊರೆ ಹೊತ್ತವರು. ನನ್ನ ಬಿಟ್ಟು ಇವರನ್ನ ಇಟ್ಕೊಂಡ್ರೆ ಅದ್ಯಾವ ನ್ಯಾಯ ಅಂತ ಲುವೊನ ಕೇಳ್ದೆ. ತಲೆ ಕೆರ್‍ಕೊಂಡ, ಇವರನ್ನೂ ಬಿಟ್ಟ."

ಗ್ವೇಜನ್ ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಆ ಇಬ್ಬರಿಗೂ ಮೇಜು ಒರೆಸಿಕೊಟ್ಟಳು.